ನೋಂದಣಿ ಮಾಡಿಕೊಟ್ಟೆ, ಮನೆ ನಿಮ್ಮದೆಂದು ಹೇಳಲಿಲ್ಲ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಅಂದು ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲಕ್ಕೆ ಇಳಿಸಿದ್ದೇನೆ.)

ಹಿರಿಯರೇ, ಗೆಳೆಯರೇ,

ನೋಂದಣಿ ಇಲಾಖೆಯಲ್ಲಿ ನನ್ನದು 31 ವರ್ಷಗಳ ಸೇವೆ. ಗುಮಾಸ್ತನಾಗಿ ಸೇರಿ ಉಪನೋಂದಣಾಧಿಕಾರಿಯಾಗಿ ನಿವೃತ್ತನಾದೆ. ಕೊನೆಯ 14 ವರ್ಷ ನನ್ನ ಮೇಜಿನ ಮುಂದೆ ನಡೆದದ್ದು ಹೆಚ್ಚುಕಡಿಮೆ ಒಂದೇ ದೃಶ್ಯ. ಗಂಡ, ಹೆಂಡತಿ, ಮಗುವನ್ನು ಎತ್ತಿಕೊಂಡ ಅಜ್ಜಿ. ಕ್ಯಾಮೆರಾದ ಕಡೆ ನೋಡಿ ಎಂದರೆ ಮೂವರೂ ನೋಡುತ್ತಾರೆ. ಹೆಬ್ಬೆಟ್ಟು ಒತ್ತುತ್ತಾರೆ, ಸಹಿ ಹಾಕುತ್ತಾರೆ, ಸೀಲು ಬೀಳುತ್ತದೆ. ಕ್ರಯಪತ್ರ ಕೈಗೆ ಬಂದಕೂಡಲೇ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ಪೇಡೆಯ ಡಬ್ಬಿ ತೆರೆದುಕೊಳ್ಳುತ್ತದೆ. ಅದರ ಜೊತೆಗೇ ಬರುವ ಪ್ರಶ್ನೆ: "ಸರ್, ಇನ್ನು ಮನೆ ನಮ್ಮದಾಯಿತಲ್ಲವೇ?"

ನಾನು ಪೇಡೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲ.

ಈಗ ನಿವೃತ್ತನಾಗಿದ್ದೇನೆ, ಪೇಡೆಯೂ ಇಲ್ಲ. ಉತ್ತರ ಕೊಡುತ್ತೇನೆ. ಆ ಕಚೇರಿಯಲ್ಲಿ ನೋಂದಣಿಯಾಗುವುದು ದಸ್ತಾವೇಜು, ಹಕ್ಕಲ್ಲ. 1908ರ ನೋಂದಣಿ ಕಾಯ್ದೆ ನನ್ನಂಥವನಿಗೆ ಒಪ್ಪಿಸಿದ ಕೆಲಸ ಸಣ್ಣದು. ಬರೆದುಕೊಟ್ಟವರು ಇವರೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುತ್ತಾರೆಯೇ, ಮುದ್ರಾಂಕ ಶುಲ್ಕ ಸರಿಯಾಗಿದೆಯೇ ಎಂದು ನೋಡುವುದು. ಮಾರುವವನಿಗೆ ಆ ಜಾಗ ಎಲ್ಲಿಂದ ಬಂತು, ಅವನಿಗೆ ಅಕ್ಕತಂಗಿಯರಿದ್ದಾರೆಯೇ, ಕೋರ್ಟಿನಲ್ಲಿ ದಾವೆ ಇದೆಯೇ ಎಂದು ವಿಚಾರಣೆ ನಡೆಸಿ ಹಕ್ಕನ್ನು ತೀರ್ಮಾನಿಸುವ ಅಧಿಕಾರ ನನಗಿರಲಿಲ್ಲ. ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಮತ್ತೊಮ್ಮೆ ಹೇಳಿತು: ಮಾರುವವನ ಹಕ್ಕಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ನೋಂದಣಾಧಿಕಾರಿ ಪತ್ರವನ್ನು ತಿರಸ್ಕರಿಸುವಂತಿಲ್ಲ. ಹಾಗಾದರೆ ಹಕ್ಕನ್ನು ಪರಿಶೀಲಿಸುವವರು ಯಾರು? ಕೊಳ್ಳುವ ನೀವು. ನಿಮಗೆ ಬಾರದ ಕೆಲಸ ಅದು, ಆದ್ದರಿಂದ ನಿಮ್ಮ ಪರವಾಗಿ ಒಬ್ಬ ವಕೀಲರು.

ನನ್ನ ಸೋದರಳಿಯ ಇಂಗ್ಲೆಂಡಿನಲ್ಲಿ ಮನೆ ಕೊಂಡ. ಅಲ್ಲಿ ಮನೆ ಕೊಡುವ ಕೊಳ್ಳುವ ಕೆಲಸ ಮಾಡಿಸುವುದಕ್ಕೆಂದೇ ಸಾಲಿಸಿಟರ್‌ಗಳಿದ್ದಾರೆ. ಇವನ ಸಾಲಿಸಿಟರ್ ಬೇರೆ ಯಾವುದೋ ಊರಿನವರು. ಇಡೀ ವ್ಯವಹಾರ ಇಮೇಲ್, ಫೋನಿನಲ್ಲೇ ಮುಗಿಯಿತು, ಕೊನೆಯವರೆಗೂ ಅವರ ಮುಖವನ್ನೇ ಇವನು ನೋಡಲಿಲ್ಲ. ನನಗೆ ಗಾಬರಿಯಾಯಿತು. ಆಮೇಲೆ ಯೋಚಿಸಿದರೆ ಅದು ಸರಿಯೇ. ಅಲ್ಲಿಯ ಭೂ ನೋಂದಣಿ ಕಚೇರಿ ಬರೆದಿಡುವುದು ಹಕ್ಕನ್ನು. ಅದರ ಪುಸ್ತಕದಲ್ಲಿ ನಿಮ್ಮ ಹೆಸರಿದ್ದರೆ ಸರ್ಕಾರವೇ ಅದಕ್ಕೆ ಹೊಣೆ, ತಪ್ಪಾಗಿ ನಷ್ಟವಾದರೆ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಪುಸ್ತಕವೇ ಬಾಯಿಬಿಟ್ಟು ಹೇಳುವ ಕಡೆ ವಕೀಲರು ನೂರು ಮೈಲಿ ದೂರ ಕೂತರೂ ನಡೆಯುತ್ತದೆ. ನಮ್ಮಲ್ಲಿ ಪುಸ್ತಕ ಅರ್ಧ ಹೇಳುತ್ತದೆ. ಉಳಿದರ್ಧವನ್ನು ಊರು ಹೇಳಬೇಕು. ಹಾಗಾಗಿಯೇ ಸೈಟು ಯಾವ ತಾಲ್ಲೂಕಿನಲ್ಲಿದೆಯೋ ಆ ತಾಲ್ಲೂಕಿನ ವಕೀಲರನ್ನು ಹಿಡಿಯಿರಿ ಎಂದು ನಾನು ಹಟ ಮಾಡುವುದು.

ಇದು ಬರೀ ಊರಿನ ಮೇಲಿನ ಅಭಿಮಾನವೆಂದು ತಿಳಿಯಬೇಡಿ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು, ಭೂಕಂದಾಯ ಕಾಯ್ದೆ 1964ರಲ್ಲಿ ಒಂದಾಯಿತು. ಹಳೆಯ ಕಾಗದಗಳು ಒಂದಾಗಲಿಲ್ಲ. ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ್ಯ, ನಿಜಾಮರ ಸೀಮೆ, ಮದ್ರಾಸ್ ಪ್ರಾಂತ್ಯ, ಕೊಡಗು ಎಂಬ ಐದು ಮನೆಯ ಕಡತಗಳು ಇವತ್ತಿಗೂ ತಮ್ಮ ತಮ್ಮ ಭಾಷೆಯಲ್ಲೇ ಮಾತನಾಡುತ್ತವೆ. ಇಲ್ಲಿ ಪಹಣಿ ಎನ್ನುವುದನ್ನು ಧಾರವಾಡದ ಕಡೆ ಉತಾರ ಎನ್ನುತ್ತಾರೆ. ಅಲ್ಲಿ ಊರೊಳಗಿನ ಮನೆಗಳಿಗೆ ಸಿಟಿ ಸರ್ವೆ ನಂಬರ್ ಇರುತ್ತದೆ, ತೀರಾ ಹಳೆಯ ಕಾಗದ ಮರಾಠಿಯ ಹಳೆಯ ಬರಹವಾದ ಮೋಡಿ ಲಿಪಿಯಲ್ಲಿರಬಹುದು. ಕಲಬುರಗಿ, ಬೀದರ್‌ನಲ್ಲಿ ಅದು ಉರ್ದುವಿನಲ್ಲಿರಬಹುದು. ನಮ್ಮಲ್ಲಿ ಎಕರೆಗೆ 40 ಗುಂಟೆ, ಮಂಗಳೂರಿನಲ್ಲಿ ಎಕರೆಗೆ 100 ಸೆಂಟ್ಸ್. ಕೊಡಗಿನಲ್ಲಿ ಜಮ್ಮಾ, ಬಾಣೆ ಎಂಬ ವಂಶಪಾರಂಪರ್ಯ ಹಿಡುವಳಿಯ ಮಾತು ಬಂದರೆ ಹಿಂದೆ ಇಡೀ ಕುಟುಂಬವೇ ನಿಂತಿರುತ್ತದೆ. ಕರಾವಳಿಯಲ್ಲಿ ಅಳಿಯಸಂತಾನದ ಮನೆತನವಾದರೆ ವಂಶವೃಕ್ಷವನ್ನು ತಾಯಿಯ ಕಡೆಯಿಂದ ಇಳಿಸಬೇಕು. ಅಪ್ಪನ ಹೆಸರಿನಿಂದ ಹುಡುಕಲು ಹೊರಟ ವಕೀಲರು ತಪ್ಪು ಮರವನ್ನು ಹತ್ತಿರುತ್ತಾರೆ.

ಕರಾವಳಿಯ ಮಾತು ಬಂದದ್ದರಿಂದ ಒಂದು ಕಥೆ ಹೇಳಿಬಿಡುತ್ತೇನೆ. ಅಲ್ಲಿಯ ಒಂದು ತಾಲ್ಲೂಕಿನಲ್ಲಿ ನಾನಿದ್ದಾಗ ಘಟ್ಟದ ಮೇಲಿನ ಒಬ್ಬ ಎಂಜಿನಿಯರು ಹಳೆಯ ಹೆಂಚಿನ ಮನೆ, ಅದರ ಸುತ್ತಲಿನ ತೋಟ ಕೊಂಡರು. ಕಾಗದ ನೋಡಿದವರು ಅವರೂರಾದ ಬೆಂಗಳೂರಿನ ಹೆಸರುವಾಸಿ ವಕೀಲರು. 14 ಪುಟದ ಅಭಿಪ್ರಾಯ, ಸ್ಪೈರಲ್ ಬೈಂಡಿಂಗ್, ಒಳ್ಳೆಯ ಇಂಗ್ಲಿಷ್. ಕಾಂಪೌಂಡಿನ ಒಳಗೆ 50 ಸೆಂಟ್ಸ್ ಜಾಗ, ಬೆಲೆ ಕಟ್ಟಿದ್ದೂ 50 ಸೆಂಟ್ಸಿಗೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಮಾತ್ರ 22 ಸೆಂಟ್ಸ್ ಎಂದಿತ್ತು, ಅದರ ಕೆಳಗೆ "ಕುಮ್ಕಿ, ದಾರಿ, ನೀರು ಮುಂತಾದ ಮಾಮೂಲು ಹಕ್ಕುಗಳ ಸಹಿತ" ಎಂಬ ಒಂದು ಸಾಲು. ಆ ಊರಿನ ಯಾವ ವಕೀಲರ ಗುಮಾಸ್ತನಾದರೂ ಆ ಸಾಲಿಗೆ ಬಂದಾಗ ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದ. ಕುಮ್ಕಿ ಎಂದರೆ ಹಳೆಯ ವರ್ಗ ಜಮೀನಿಗೆ, ಅಂದರೆ ಕಂದಾಯ ಕಟ್ಟುವ ಖಾಸಗಿ ಜಮೀನಿಗೆ, ಹೊಂದಿಕೊಂಡು 100 ಗಜದೊಳಗಿರುವ ಸರ್ಕಾರಿ ಜಾಗ. ವರ್ಗದಾರರು ಅಲ್ಲಿಂದ ಸೊಪ್ಪು, ಸೌದೆ ತರಬಹುದು, ದನ ಮೇಯಿಸಬಹುದು. ಅದು ಸವಲತ್ತು, ಒಡೆತನ ಸರ್ಕಾರದ್ದು. ಬೆಂಗಳೂರಿನ ಪುಸ್ತಕಕ್ಕೆ ಇದು "ಮಾಮೂಲು ಹಕ್ಕು" ಎಂಬ ನಿರುಪದ್ರವಿ ಪದವಾಗಿ ಕಂಡಿತು. ಎಂಜಿನಿಯರು 28 ಸೆಂಟ್ಸಿನ ಸೊಪ್ಪು ಸೌದೆಗೆ ತೋಟದ ಬೆಲೆ ಕೊಟ್ಟರು. ಪತ್ರವನ್ನು ನೋಂದಾಯಿಸಿದವನು ನಾನೇ. ಅದರಲ್ಲಿ ಬರೆದದ್ದೆಲ್ಲ ನಿಜವೇ ಆಗಿತ್ತು, ಒಂದಕ್ಷರವೂ ಸುಳ್ಳಿರಲಿಲ್ಲ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಹಳೆ ಮೈಸೂರಿನ ಕಡೆ ಹೀಗೆ ಎಡವಿಸುವ ಕಲ್ಲುಗಳು ಬೇರೆ ಬಗೆಯವು. ತೋಟಿ, ತಳವಾರ, ನೀರಗಂಟಿಯ ಇನಾಂ ಜಮೀನುಗಳು, ಗ್ರಾಮ ಹುದ್ದೆಗಳ ರದ್ದತಿಯ ನಂತರ ಮರುಮಂಜೂರಾದವು. ಉಳುವವರಿಗೆ ಭೂ ನ್ಯಾಯಮಂಡಳಿ ಕೊಟ್ಟವು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದವು. ಈ ಕೊನೆಯದಕ್ಕೆ 1978ರ ಕಾಯ್ದೆ ಇದೆ. ಸರ್ಕಾರದ ಅನುಮತಿಯಿಲ್ಲದೆ ಆ ಜಮೀನನ್ನು ಮಾರಿದರೆ ಮಾರಾಟ ಊರ್ಜಿತವಲ್ಲ, ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರಾತಿದಾರರ ಮನೆಗೆ ಮರಳಿ ಕೊಡಿಸಬಹುದು. ತಡವಾಯಿತೆಂದು ಅರ್ಜಿಯನ್ನು ತಳ್ಳಿಹಾಕುವಂತಿಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಇದನ್ನು ಶಪಿಸುವವರನ್ನು ಕಂಡಿದ್ದೇನೆ. ಭೂಮಿಯಿಲ್ಲದವರಿಗೆ ಕೊಟ್ಟ ಭೂಮಿಯನ್ನು ಒಂದು ಮದುವೆಯ ಸಾಲಕ್ಕೆ ಬರೆಸಿಕೊಂಡವರ ಬಗ್ಗೆ ಅವರು ಒಂದು ಮಾತೂ ಆಡುವುದಿಲ್ಲ. ಅದಿರಲಿ. ಕೊಳ್ಳುವವರಾಗಿ ನೀವು ತಿಳಿದುಕೊಳ್ಳಬೇಕಾದದ್ದು, ಇ.ಸಿ.ಯಲ್ಲಿ ಇದಾವುದೂ ಕಾಣುವುದಿಲ್ಲ. ಇ.ಸಿ. ಅಥವಾ ಋಣಭಾರ ಪ್ರಮಾಣಪತ್ರ ಎಂದರೆ ನಮ್ಮ ಕಚೇರಿಯಲ್ಲಿ ನೋಂದಣಿಯಾದ ವಹಿವಾಟುಗಳ ಪಟ್ಟಿ, ಅಷ್ಟೇ. ಮಂಜೂರಾತಿಯ ಷರತ್ತು ತಹಶೀಲ್ದಾರರ ಕಚೇರಿಯ ಕಡತದಲ್ಲಿ ಧೂಳು ತಿನ್ನುತ್ತಿರುತ್ತದೆ. "ಆ ಸರ್ವೆ ನಂಬರೇ? ಅದು ಕೆರೆ ಕೆಳಗಿನ ತೋಟಿ ಇನಾಂ ಅಲ್ಲವೇ?" ಎಂದು ಕಡತ ತೆರೆಯುವ ಮೊದಲೇ ಕೇಳುವವರು ಆ ತಾಲ್ಲೂಕಿನ ಕೋರ್ಟಿನಲ್ಲಿ 20 ವರ್ಷ ಕಪ್ಪು ಕೋಟು ಹಾಕಿದವರು.

ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ ಒಪ್ಪಿತು, 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ನನಗೆ ಗೊತ್ತಿರುವ ಶಿಕ್ಷಕ ದಂಪತಿ 30×40 ಅಡಿಯ ಸೈಟೊಂದನ್ನು ಮೂವರು ಅಣ್ಣತಮ್ಮಂದಿರಿಂದ ಕೊಳ್ಳಲು ಹೊರಟರು. ಪಹಣಿ, ಪೌತಿ ಖಾತೆ (ಸತ್ತವರಿಂದ ವಾರಸುದಾರರ ಹೆಸರಿಗೆ ಬಂದ ಖಾತೆ), ವಂಶವೃಕ್ಷ ಎಲ್ಲದರಲ್ಲೂ ಮೂರೇ ಹೆಸರು. ತಾಲ್ಲೂಕಿನ ವಕೀಲರು ವಂಶವೃಕ್ಷವನ್ನು ತಿರುಗಿಸಿ ಮುರುಗಿಸಿ ನೋಡಿ, "ಇವರಿಗೊಬ್ಬಳು ತಂಗಿ ಇರಬೇಕಲ್ಲ, ಅರಸೀಕೆರೆಗೆ ಕೊಟ್ಟಿದ್ದರು, ಮದುವೆಯ ಊಟಕ್ಕೆ ನಾನೇ ಹೋಗಿದ್ದೆ" ಎಂದರು. ಆ ತಂಗಿಯನ್ನು ಕರೆಸಿ, ಅವರ ಪಾಲಿನ ಹಣವನ್ನು ಅವರ ಖಾತೆಗೇ ಹಾಕಿಸಿ, ಕ್ರಯಪತ್ರಕ್ಕೆ ಅವರ ಸಹಿಯನ್ನೂ ತೆಗೆದುಕೊಂಡರು. ಮದುವೆಯ ಊಟಕ್ಕೆ ಹೋಗಿ ಬಂದದ್ದು ಯಾವ ವೆಬ್‌ಸೈಟಿನಲ್ಲಿ ಸಿಗುತ್ತದೆ, ಹೇಳಿ?

ಇನ್ನು, ನಿಮ್ಮವರಲ್ಲದ ವಕೀಲರ ಬಗ್ಗೆ. ಹೆಚ್ಚಿನವರು ಎಡವುವುದು ಇಲ್ಲಿ. "ಬ್ಯಾಂಕಿನವರು ಸಾಲ ಕೊಟ್ಟಿದ್ದಾರೆ ಎಂದ ಮೇಲೆ ಕಾಗದ ಸರಿಯೇ ಇರಬೇಕು" ಎನ್ನುತ್ತಾರೆ. ಬ್ಯಾಂಕಿನ ವಕೀಲರ ಫೀಸನ್ನು ನಿಮ್ಮಿಂದಲೇ ಕಟ್ಟಿಸಿಕೊಳ್ಳುತ್ತಾರೆ ನಿಜ, ಆದರೆ ಅವರು ಬರೆಯುವುದು ಬ್ಯಾಂಕಿಗೆ. ಕೊಟ್ಟ ಸಾಲಕ್ಕೆ ಭದ್ರತೆ ಸಾಕೇ ಎಂಬುದು ಅವರ ಪ್ರಶ್ನೆ. ಹಿತ್ತಿಲಿನ ದಾರಿಗಾಗಿ ಪಕ್ಕದ ಮನೆಯವರು ಹತ್ತು ವರ್ಷ ಜಗಳವಾಡುತ್ತಾರೆಯೇ ಎಂಬುದು ಬ್ಯಾಂಕಿಗೆ ಬೇಕಿಲ್ಲ, ಅಲ್ಲಿ ವಾಸ ಮಾಡುವವರು ನೀವು. ಬಿಲ್ಡರ್ ತೋರಿಸುವ ಅಭಿಪ್ರಾಯ ಬಿಲ್ಡರ್ ಬರೆಸಿದ್ದು. ಮಧ್ಯವರ್ತಿ "ನಮ್ಮವರೇ ಒಬ್ಬರಿದ್ದಾರೆ, ಫೀಸು ಕಡಿಮೆ" ಎಂದು ಕರೆದುಕೊಂಡು ಹೋದರೆ ಕಾಫಿ ಕುಡಿದು ಎದ್ದು ಬನ್ನಿ. ಪತ್ರ ಬರಹಗಾರರನ್ನು ಇಲ್ಲಿ ಎಳೆಯುವುದು ಅನ್ಯಾಯ. ಕೆಲವರ ಕನ್ನಡ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆಯುವ ಅವರ ಕೈ, ನಮ್ಮ ಎಷ್ಟೋ ವಕೀಲರಿಗಿಂತ ಚೊಕ್ಕಟ. ಆದರೆ ನೀವು ಹೇಳಿದ್ದನ್ನು ಬರೆಯುವುದು ಅವರ ಕೆಲಸ, ಹೇಳಿದ್ದು ನಿಜವೇ ಎಂದು ಕೆದಕುವುದಲ್ಲ.

ಹಾಗಾದರೆ ಹಿಡಿಯುವುದು ಯಾರನ್ನು? ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಅದನ್ನು ತಡೆಯುತ್ತದೆ. ಆದ್ದರಿಂದ ದೊಡ್ಡದಾಗಿ ಪ್ರಚಾರ ಮಾಡಿಕೊಳ್ಳುವವರನ್ನು ಮೊದಲ ಸುತ್ತಿನಲ್ಲೇ ಬಿಟ್ಟುಬಿಡಿ. ನನ್ನ ಅನುಭವದಲ್ಲಿ ಕಾಗದವನ್ನು ಚೆನ್ನಾಗಿ ನೋಡುವವರು ಪಾಲು ವಿಭಾಗದ ದಾವೆಗಳನ್ನು ನಡೆಸಿದ ಸಿವಿಲ್ ವಕೀಲರು. ಕಾಗದ ಎಲ್ಲಿ ಹರಿಯುತ್ತದೆ ಎಂದು ಅವರಿಗೆ ಗೊತ್ತು, ಏಕೆಂದರೆ ಇನ್ನೊಬ್ಬರ ಕಾಗದವನ್ನು ಅವರೇ ಹರಿದಿರುತ್ತಾರೆ. ತಾಲ್ಲೂಕು ಕೋರ್ಟಿನ ಬಳಿಯ ಹೋಟೆಲಿನಲ್ಲಿ ಕೂತು, ಮನೆ ಕೊಂಡು ಐದಾರು ವರ್ಷವಾದ ಇಬ್ಬರು ಮೂವರನ್ನು ವಿಚಾರಿಸಿ. ನಿನ್ನೆ ಮೊನ್ನೆ ಕೊಂಡವರ ಹೊಗಳಿಕೆಗೆ ಬೆಲೆಯಿಲ್ಲ, ಅವರಿನ್ನೂ ಪೇಡೆ ತಿನ್ನುತ್ತಿರುತ್ತಾರೆ.

ಮೊದಲ ಭೇಟಿಯಲ್ಲಿ ಅವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಏನು ಕೇಳುತ್ತಾರೆ ಎಂದು ಗಮನಿಸಿ. ಜೆರಾಕ್ಸ್ ಕಟ್ಟನ್ನು ಸರಸರ ಮಗುಚಿ "ಎಲ್ಲ ಸರಿಯಾಗಿದೆ" ಎಂದರೆ ಅಂಜಬೇಕು. ಆಸ್ತಿಯ ಮೂಲವಾದ ತಾಯಿಪತ್ರ ಎಲ್ಲಿ, ಈ ವಿಭಾಗಪತ್ರವಾದಾಗ ಕೊನೆಯ ಮಗನಿಗೆ 18 ತುಂಬಿತ್ತೇ, ಈಗ ಅಲ್ಲಿ ವಾಸವಿರುವವರು ಯಾರು, ಮುಖ್ತ್ಯಾರುನಾಮೆಯ (ಪವರ್ ಆಫ್ ಅಟಾರ್ನಿ) ಮೇಲೆ ಮಾರುತ್ತಿದ್ದರೆ ಕೊಟ್ಟವರು ಬದುಕಿದ್ದಾರೆಯೇ ಎಂದೆಲ್ಲ ಪೀಡಿಸುವವರು ಸಿಕ್ಕರೆ ಕುರ್ಚಿ ಎಳೆದುಕೊಂಡು ಕೂರಿ. ಮುಖ್ತ್ಯಾರುನಾಮೆ, ಕರಾರು, ಉಯಿಲು ಈ ಮೂರನ್ನು ಸೇರಿಸಿ ಹೊಲಿದು "ಇದೇ ಮಾರಾಟ" ಎನ್ನುವ ಚಾಳಿಗೆ ಸುಪ್ರೀಂ ಕೋರ್ಟ್ 2011ರಲ್ಲೇ ಮಂಗಳ ಹಾಡಿತು. ಆದರೂ ಆ ಹೊಲಿಗೆ ಅಂಗಡಿಗಳು ಮುಚ್ಚಿಲ್ಲ.

ಇನ್ನೊಂದು ಪರೀಕ್ಷೆ: ಮಾರುವವನು ಕೊಟ್ಟ ನಕಲುಗಳನ್ನೇ ನಂಬುತ್ತಾರೋ, ಕಚೇರಿಯಿಂದ ದೃಢೀಕೃತ ನಕಲು ತರಿಸುತ್ತಾರೋ? 2004ರಿಂದೀಚಿನ ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ಸೂಚಿ ಪುಸ್ತಕಗಳನ್ನು ತೆಗೆಸಬೇಕು. ಆ ಪುಸ್ತಕಗಳಲ್ಲಿ "ಚಿಕ್ಕತಾಯಮ್ಮ" ಒಂದು ಕಡೆ "ಚಿಕ್ಕಮ್ಮ", ಇನ್ನೊಂದು ಕಡೆ "ತಾಯಮ್ಮ" ಆಗಿರುತ್ತಾಳೆ. ಕಂಪ್ಯೂಟರ್ ಮೂವರು ಹೆಂಗಸರೆಂದು ತಿಳಿಯುತ್ತದೆ, ಊರಿನವರಿಗೆ ಅವಳು ಒಬ್ಬಳೇ ಎಂದು ಗೊತ್ತು.

ವಕೀಲರ ಬಳಿ ಹೋಗುವುದು ಯಾವಾಗ? ಮುಂಗಡ ಕೊಡುವ ಮೊದಲು. ಹಳೆಯ ಕನ್ನಡದಲ್ಲಿ ಮುಂಗಡಕ್ಕೆ ಸಂಚಕಾರ ಎನ್ನುತ್ತಿದ್ದರು, ಉತ್ತರ ಕರ್ನಾಟಕದಲ್ಲಿ ಇಂದಿಗೂ ಆ ಮಾತಿದೆ. ಪತ್ರಿಕೆಗಳಲ್ಲಿ "ಪ್ರಾಣಕ್ಕೆ ಸಂಚಕಾರ" ಎಂದು ಓದುವಾಗಲೆಲ್ಲ ಈ ಪದ ಅಪಾಯದ ಕಡೆ ಜಾರಿದ್ದು ಹೇಗೆಂದು ನನಗೆ ಒಂದು ಅನುಮಾನವಿದೆ. ಐದು ಲಕ್ಷ ಕೊಟ್ಟು ಬಂದವರು ವಕೀಲರನ್ನು ಕೇಳುವುದು "ಕೊಳ್ಳಬಹುದೇ" ಎಂದಲ್ಲ, "ಹೇಗಾದರೂ ಸರಿ ಎನ್ನಿ" ಎಂದು. ಒಬ್ಬರು ಬೇಡವೆಂದರೆ ಇನ್ನೊಬ್ಬರ ಬಳಿ, ಅವರೂ ಬೇಡವೆಂದರೆ ಮೂರನೆಯವರ ಬಳಿ. ಹೂಂ ಎನ್ನುವವರು ಕೊನೆಗೆ ಸಿಕ್ಕೇ ಸಿಗುತ್ತಾರೆ.

ಫೀಸಿನ ಲೆಕ್ಕ ಮಾಡೋಣ. 60 ಲಕ್ಷದ ಮನೆ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5ರಂತೆ 3 ಲಕ್ಷ, ಅದರ ಮೇಲೆ ಸೆಸ್, ಸರ್ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ್ದರಿಂದ ಅದು 1,20,000. ಇಷ್ಟನ್ನು ಉಸಿರೆತ್ತದೆ ಕಟ್ಟುವವರು ವಕೀಲರು ಕೆಲವು ಸಾವಿರ ಕೇಳಿದಾಗ ತರಕಾರಿ ಸಂತೆಯಲ್ಲಿ ನಿಂತವರಂತೆ ಚೌಕಾಸಿಗೆ ಇಳಿಯುತ್ತಾರೆ. ಫೀಸನ್ನು ಮೊದಲೇ ಮಾತನಾಡಿ, ರಸೀದಿ ಕೇಳಿ. ಮುಖ್ಯವಾಗಿ, ವ್ಯಾಪಾರ ಕುದುರಿದರೂ ಮುರಿದರೂ ಅಷ್ಟೇ ಫೀಸು ಎಂದು ಗೊತ್ತುಮಾಡಿಕೊಳ್ಳಿ. ನೋಂದಣಿಯಾದರೆ ಮಾತ್ರ ಹಣ ಎಂದಾದರೆ ಬೇಡ ಎನ್ನುವ ನಾಲಿಗೆ ಯಾರಿಗೂ ಏಳುವುದಿಲ್ಲ.

ಸ್ಥಳೀಯರಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಊರಿನ ಎಲ್ಲರನ್ನೂ ಬಲ್ಲವರು ಮಾರುವವನನ್ನೂ ಬಲ್ಲರು. ಅವನ ಹಳೆಯ ದಾವೆಯನ್ನು ಇವರೇ ನಡೆಸಿರಬಹುದು, ಬೀಗತನವೂ ಇರಬಹುದು. ನಾಚಿಕೊಳ್ಳದೆ ನೇರವಾಗಿ ಕೇಳಿ: "ಸರ್, ಇವರು ನಿಮ್ಮ ಕಕ್ಷಿದಾರರಾಗಿದ್ದರೇ?" ಒಳ್ಳೆಯ ವಕೀಲರು ಬೇಸರಪಡುವುದಿಲ್ಲ, ಬೇರೊಬ್ಬರ ಹೆಸರು ಹೇಳಿ ಕಳಿಸುತ್ತಾರೆ. ಹಾಗೆ ಕಳಿಸಿದ ಹೆಸರು ಬಹುಮಟ್ಟಿಗೆ ಒಳ್ಳೆಯದೇ ಆಗಿರುತ್ತದೆ.

ಅಭಿಪ್ರಾಯ ಬರಹದಲ್ಲಿರಲಿ, ನೋಡಿದ ದಾಖಲೆಗಳ ಪಟ್ಟಿ ಇರಲಿ, ಸಹಿಯ ಕೆಳಗೆ ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಲಿ. ಅದನ್ನು ಕೊನೆಯ ಪುಟದಿಂದ ಓದಲು ಶುರುಮಾಡಿ. "ಮೇಲ್ಕಂಡ ದಾಖಲೆಗಳು ನೈಜವೆಂದು ಭಾವಿಸಿ" ಎಂದಿದ್ದರೆ ಅಸಲನ್ನು ಅವರು ನೋಡಿಲ್ಲ ಎಂದರ್ಥ. "ಇವುಗಳನ್ನು ಹಾಜರುಪಡಿಸಿದಲ್ಲಿ" ಎಂದು ಶುರುವಾಗುವ ವಾಕ್ಯದಲ್ಲಿ ನಿಮ್ಮ ಮುಂದಿನ ಎರಡು ತಿಂಗಳ ಓಡಾಟ ಅಡಗಿದೆ. ಅರ್ಥವಾಗದ್ದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಿ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದಾದರೆ ಆ ಊರಿನಲ್ಲಿ ಓದುವ ಪತ್ರಿಕೆಯಲ್ಲೇ ಕೊಡಿಸಿ.

ಸಭೆಯಲ್ಲಿ ಒಬ್ಬರು ತಾಯಿ ಕೇಳಿದರು, "ಇಷ್ಟೆಲ್ಲ ಹೇಳುತ್ತೀರಲ್ಲ, ನೀವು ಮನೆ ಕೊಂಡಾಗ ವಕೀಲರ ಹತ್ತಿರ ಹೋಗಿದ್ದಿರಾ?" ಹೋಗಿದ್ದೆ. ನನ್ನ ಅರ್ಧ ವಯಸ್ಸಿನ ಒಬ್ಬ ವಕೀಲೆ, ಕೋರ್ಟಿನ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಕಚೇರಿ. ಮೂರು ದಶಕ ಪತ್ರಗಳ ನಡುವೆಯೇ ಬದುಕಿದವನು ಎಂಬ ಜಂಬದಲ್ಲಿ ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಎರಡು ಸಲ ಹಿಂದಕ್ಕೆ ಕಳಿಸಿದರು. ಮೊದಲನೆಯದು ಒಂದು ಮರಣ ಪ್ರಮಾಣಪತ್ರಕ್ಕೆ. ಎರಡನೆಯದು ಚಕ್ಕುಬಂದಿಗೆ: 1998ರ ಪತ್ರದಲ್ಲಿ ಪೂರ್ವಕ್ಕೆ "ರಸ್ತೆ" ಎಂದಿತ್ತು, ಅದರ ಹಿಂದಿನ ಪತ್ರದಲ್ಲಿ "ಓಣಿ, ಅದರಾಚೆಗೆ ರಸ್ತೆ" ಎಂದಿತ್ತು. ಎರಡನ್ನೂ ನಾನು ಓದಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಅಳತೆ ಟೇಪು ಹಿಡಿದು ಬಂದರು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಮೂರು ಅಡಿ ಓಣಿ ಕಾಂಪೌಂಡಿನ ಒಳಗೆ ಸೇರಿಹೋಗಿತ್ತು, ಹಿಂದಿನ ಮನೆಯವರು ರಸ್ತೆಗೆ ಬರುವ ದಾರಿ ಅದು. ಬೆಲೆಯನ್ನು ಅಷ್ಟಕ್ಕೆ ಇಳಿಸಿ, ಗೋಡೆಯನ್ನು ಹಿಂದಕ್ಕೆ ಸರಿಸಿ ಕಟ್ಟಿದ ಮೇಲೆಯೇ ಪತ್ರವಾಯಿತು. ಆ ಓಣಿಯಲ್ಲಿ ಈಗ ಹಿಂದಿನ ಮನೆಯ ಹುಡುಗ ತನ್ನ ಸೈಕಲ್ ನಿಲ್ಲಿಸುತ್ತಾನೆ.